ಅಳುಮುಖದ ಕೆಳಗೆ ಮೂರು ಮೊಳೆ

ಆ ಹಲಗೆ ಮಾಡಿದವನು ನಾನೇ. ಬೇರೆಯವರನ್ನು ಬೈಯುವ ಮೊದಲು ಅದನ್ನು ಹೇಳಿಬಿಡುತ್ತೇನೆ.

ನಮ್ಮ ಗುಬ್ಬಿ ಓದುವ ಶಾಲೆಯ ಹೆಡ್ ಮಿಸ್ ಒಂದು ಮಧ್ಯಾಹ್ನ ನನ್ನ ಮರಗೆಲಸದ ಅಂಗಡಿಗೆ ಬಂದರು. ಹೊಟ್ಟು ಬಟ್ಟೆಗೆ ತಾಗದ ಹಾಗೆ ಬಾಗಿಲಲ್ಲೇ ನಿಂತು ಒಂದು ಚೀಟಿ ಚಾಚಿದರು. ಎರಡನೇ ಕ್ಲಾಸಿನ ಬಾಗಿಲ ಪಕ್ಕ ತೂಗುಹಾಕಲು ಒಂದು ಹಲಗೆ ಬೇಕು. ಅದರ ಮೇಲೆ ನಾಲ್ಕು ಮುಖ: ನಗು, ಸಪ್ಪೆ, ಸಿಟ್ಟು, ಅಳು. ಒಂದೊಂದು ಮಗುವಿಗೂ ಹೆಸರು ಬರೆದ ಒಂದು ಮರದ ಬಿಲ್ಲೆ. ಬೆಳಿಗ್ಗೆ ಬಂದ ಕೂಡಲೇ ಮಗು ತನ್ನ ಮನಸ್ಸು ಹೇಗಿದೆಯೋ ಆ ಮುಖದ ಕೆಳಗಿನ ಮೊಳೆಗೆ ಬಿಲ್ಲೆ ಸಿಕ್ಕಿಸಬೇಕು. ಎಷ್ಟೆಷ್ಟು ಮೊಳೆ ಎನ್ನುವುದೂ ಚೀಟಿಯಲ್ಲಿತ್ತು. ನಗುವಿಗೆ ನಲವತ್ತು. ಅಳುವಿಗೆ ಮೂರು.

"ಏನ್ ಮೇಡಂ, ಅಳೋರಿಗೆ ಮೂರೇ ಸೀಟಾ? ಬಸ್ಸಲ್ಲೂ ಇದಕ್ಕಿಂತ ಜಾಸ್ತಿ ಇರುತ್ತೆ" ಎಂದೆ.

"ತಮಾಷೆ ಸಾಕಪ್ಪ. ಮಕ್ಕಳ ಮನಸ್ಸು ನೋಡೋ ಮಿಸ್ ಬರೋದು ಗುರುವಾರ ಮಾತ್ರ, ಅದೂ ಒಂದೇ ಗಂಟೆ. ಅಷ್ಟರಲ್ಲಿ ಮೂರು ಮಕ್ಕಳನ್ನ ಮಾತಾಡಿಸಬಹುದು. ಮೂರು ಸಾಕು."

ನಾನು ನಕ್ಕೆ. ನಕ್ಕು ಮೂರೇ ಹೊಡೆದೆ. ಗಿರಾಕಿ ಕೊಟ್ಟ ಅಳತೆ ಮೀರಬಾರದು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಹಾಳಾದ ಪಾಠ.

ಗುಬ್ಬಿ ನನ್ನ ಅಕ್ಕನ ಮಗಳು. ಏಳು ವರ್ಷ. ಅಕ್ಕ ತೀರಿಕೊಂಡು ಐದು ತಿಂಗಳಾಗಿತ್ತು. ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದ ಭಾವನ ನಂಬರಿಗೆ ಈಗ ಬೇರೆ ಯಾರೋ ಹಲೋ ಅನ್ನುತ್ತಾರೆ. ಮಗು ಒಂದು ದಿನವೂ ಅತ್ತಿರಲಿಲ್ಲ. ಅಳುವ ಬದಲು ಹುಬ್ಬಿನ ಕೂದಲನ್ನು ಕೀಳತೊಡಗಿದ್ದಳು. ತಟ್ಟೆಯ ಮುಂದೆ, ಪುಸ್ತಕದ ಮುಂದೆ, ಒಂದೊಂದೇ ಎಳೆ, ಯಾರೋ ಒಪ್ಪಿಸಿದ ಕೆಲಸದ ಹಾಗೆ ಶ್ರದ್ಧೆಯಿಂದ. ಎಡಹುಬ್ಬು ಆಗಲೇ ಅರ್ಧ ಬೋಳಾಗಿತ್ತು.

"ಮಕ್ಕಳು ಮರೀತಾವೆ ಬಿಡೋ" ಎನ್ನುತ್ತಿದ್ದಳು ನನ್ನ ಅಮ್ಮ. ಹಾಗೆನ್ನುತ್ತಲೇ ಅಕ್ಕನ ತಟ್ಟೆಯನ್ನೂ ಸೇರಿಸಿ ನಾಲ್ಕು ತಟ್ಟೆ ಇಟ್ಟು, ಒಂದನ್ನು ಮೆಲ್ಲಗೆ ತೆಗೆಯುತ್ತಿದ್ದಳು.

ಶಾಲೆಯಲ್ಲಿ ಹೇಳಿದೆ. "ನಾವೇ ಕೆದಕಬಾರದು, ಮಗುವೇ ತೋರಿಸಬೇಕು. ಹಲಗೆ ಬರಲಿ. ಅಳುಮುಖಕ್ಕೆ ಬಿಲ್ಲೆ ಹಾಕಿದ ದಿನ ಆ ಮಿಸ್ ಹತ್ರ ಕಳಿಸ್ತೀವಿ" ಎಂದರು ಹೆಡ್ ಮಿಸ್. ಸರಿ ಅನ್ನಿಸಿತು. ಗುಬ್ಬಿಯ ಬಿಲ್ಲೆಯನ್ನು ಬೇರೆಲ್ಲದಕ್ಕಿಂತ ಹೆಚ್ಚು ಹೊತ್ತು ಉಪ್ಪುಕಾಗದದಲ್ಲಿ ತಿಕ್ಕಿದೆ. ಮಕ್ಕಳ ಕೈಗೆ ಚುಚ್ಚದಿರಲಿ ಎಂದು ಮೊಳೆಗಳನ್ನು ಹೊರಗೆ ಗಿಡ್ಡವಾಗಿ ಬಿಟ್ಟೆ. ದೊಡ್ಡ ಜಾಣ ನಾನು.

ಐದು ಗುರುವಾರ ಕಳೆದವು. ಪ್ರತಿ ಗುರುವಾರ ಸಂಜೆ ಕೇಳುತ್ತಿದ್ದೆ, "ಆ ಮಿಸ್ ಮಾತಾಡಿಸಿದ್ರಾ ಪುಟ್ಟಿ?"

"ಇಲ್ಲ ಮಾಮ."

ಆರನೆಯ ವಾರ ಕ್ಲಾಸ್ ಟೀಚರನ್ನು ಹಿಡಿದು ಕೇಳಿದೆ. "ಅವಳು ದಿನಾ ನಗುಮುಖಕ್ಕೇ ಹಾಕ್ತಾಳಲ್ಲ, ಚೆನ್ನಾಗೇ ಇದಾಳೆ. ನೀವೇ ಸುಮ್ನೆ ತಲೆ ಕೆಡಿಸ್ಕೊಂಡಿದೀರ" ಎಂದರು. ಮನೆಗೆ ಬಂದವನೇ ಮಗುವಿನ ಮೇಲೆ ಹರಿಹಾಯ್ದೆ. ಸುಳ್ಳುಬುರುಕಿ ಅಂದೆ. ಏಳು ವರ್ಷದ ಕೂಸಿಗೆ. ಅವಳು ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ಮರುದಿನಕ್ಕೆ ಎಡಹುಬ್ಬು ಪೂರ್ತಿ ಹೋಗಿತ್ತು.

ಬುಧವಾರ ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಹಲಗೆ ರಾಶಿಯ ಮೇಲೆ ಕೂತಿದ್ದಾಗ ತಾನಾಗಿಯೇ ಬಾಯಿಬಿಟ್ಟಳು.

"ಅಲ್ಲಿ ಜಾಗ ಇರಲ್ಲ ಮಾಮ."

"ಎಲ್ಲಿ?"

"ಅಳೋ ಮುಖದಲ್ಲಿ. ವ್ಯಾನಲ್ಲಿ ಬರೋರು ಮೊದ್ಲೇ ಹಾಕ್ಬಿಟ್ಟಿರ್ತಾರೆ."

ಅವಳನ್ನು ಸೈಕಲ್ಲಿನಲ್ಲಿ ಬಿಡುವವನು ನಾನು. ಅಂಗಡಿ ಬಾಗಿಲು ತೆಗೆದು, ಹೊಟ್ಟು ಗುಡಿಸಿ, ಗಂಟೆ ಹೊಡೆಯುವ ಹೊತ್ತಿಗೆ.

"ಒಂದೇ ಮೊಳೆಗೆ ಎರಡು ಹಾಕೋಕಾಗಲ್ವಾ?"

"ಹಾಕ್ದೆ. ಬಿದ್ದೋಯ್ತು. ನೀನು ಮೊಳೆ ಗಿಡ್ಡ ಹೊಡ್ದಿದೀಯ."

"ಸಿಟ್ಟಿನ ಮುಖಕ್ಕೆ?"

"ಅಲ್ಲಿ ಹಾಕಿದ್ರೆ ಮೂಲೇಲಿ ಕೂರಿಸ್ತಾರೆ. ಸಪ್ಪೆ ಮುಖಾನೂ ತುಂಬಿರುತ್ತೆ. ನಗೋ ಮುಖದಲ್ಲಿ ಯಾವಾಗ್ಲೂ ಜಾಗ ಇರುತ್ತೆ."

ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟೆ. ಇಡದಿದ್ದರೆ ಏನಾದರೂ ಮಾಡಿಬಿಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಗುಬ್ಬಿಯನ್ನು ಕರೆತರಲು ಅಮ್ಮನಿಗೆ ಹೇಳಿ, ಗೇಟು ತೆಗೆಯುವ ಹೊತ್ತಿಗೇ ಶಾಲೆಗೆ ಹೋದೆ. ಸುತ್ತಿಗೆ, ಒಂದು ಹಿಡಿ ಉದ್ದ ಮೊಳೆ. ಅಳುಮುಖದ ಕೆಳಗೆ ಹೊಡೆದೆ, ಹೊಡೆದೆ, ಒಟ್ಟು ಇಪ್ಪತ್ತು ಆಗುವ ತನಕ ಹೊಡೆದೆ. ಸದ್ದಿಗೆ ಹೆಡ್ ಮಿಸ್ ಓಡಿಬಂದರು.

"ಏನ್ರೀ ಇದು, ಶಾಲೇನಾ ಸಂತೇನಾ? ಯಾರ್ ಹೇಳಿದ್ರು ನಿಮಗೆ?"

"ಎರಡನೇ ಕ್ಲಾಸಿನವಳು ಹೇಳಿದ್ಲು. ಅಳೋಕೂ ಕ್ಯೂ ನಿಲ್ಲಿಸಿದೀರಲ್ರೀ, ನಿಮಗೆ ನಾಚಿಕೆ ಆಗಲ್ವಾ?"

"ಮೊಳೆ ಹೊಡ್ಯೋದು ಸುಲಭ ಕಣಪ್ಪ" ಎಂದರು. ದನಿ ಇದ್ದಕ್ಕಿದ್ದಂತೆ ಇಳಿದಿತ್ತು. "ಆ ಮಿಸ್‌ಗೆ ಹನ್ನೊಂದು ಶಾಲೆ. ಆರು ಸಲ ಪತ್ರ ಬರೆದಿದೀನಿ, ಇನ್ನೊಬ್ಬರನ್ನ ಕೊಡಿ ಅಂತ. ಮೊಳೆಯಲ್ಲ, ಜನ ತಂದ್ಕೊಡು ನೋಡೋಣ."

ಅಷ್ಟರಲ್ಲಿ ಮಕ್ಕಳು ಬಂದವು. ಬುಟ್ಟಿಯಿಂದ ಬಿಲ್ಲೆ ಎತ್ತಿಕೊಂಡವು. ಮೊದಲ ಮೂರು ಬಿಲ್ಲೆ ಅಳುಮುಖಕ್ಕೆ ಬಿದ್ದವು. ನಾಲ್ಕನೆಯ ಹುಡುಗ ಹೊಸ ಮೊಳೆಯನ್ನು ಮುಟ್ಟಿ ನೋಡಿ, ಹೆಡ್ ಮಿಸ್ಸನ್ನು ನೋಡಿ, ಸಿಕ್ಕಿಸಿಯೇಬಿಟ್ಟ. ಆಮೇಲೆ ಇನ್ನೊಂದು. ಮತ್ತೊಂದು. ಯಾವ ಮಗುವೂ ಅಳುತ್ತಿರಲಿಲ್ಲ. ಚಪ್ಪಲಿ ಸಾಲಾಗಿ ಬಿಡುವಷ್ಟೇ ಸಹಜವಾಗಿ ಸಿಕ್ಕಿಸಿ ಒಳಗೆ ಹೋಗುತ್ತಿದ್ದವು. ಹದಿನಾರು ಆದವು. ಹೆಡ್ ಮಿಸ್ ಗೋಡೆಗೆ ಕೈ ಊರಿ ನಿಂತರು. ಮನಸ್ಸು ನೋಡುವ ಮಿಸ್ ಹೆಗಲಿಗೆ ಚೀಲ ಹಾಕಿಕೊಂಡು ಬಂದವರು, ಹಲಗೆ ನೋಡಿದರು, ಕೈಗಡಿಯಾರ ನೋಡಿಕೊಂಡರು. ಸೊರಗಿದ ಹೆಂಗಸು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಸಿಟ್ಟೂ ಬರಲಿಲ್ಲ.

ಗಂಟೆ ಹೊಡೆಯುವಾಗ ಅಜ್ಜಿಯ ಕೈ ಬಿಡಿಸಿಕೊಂಡು ಗುಬ್ಬಿ ಬಂದಳು. ಬಿಲ್ಲೆ ತೆಗೆದುಕೊಂಡು ಹಲಗೆಯ ಮುಂದೆ ನಿಂತಳು. ಇನ್ನೂ ನಾಲ್ಕು ಮೊಳೆ ಖಾಲಿ ಇದ್ದವು.

"ಹಾಕು ಪುಟ್ಟಿ. ನಿನಗೋಸ್ಕರಾನೇ ಹೊಡ್ದಿದೀನಿ."

ಅವಳು ಬೆರಳು ತೋರಿಸುತ್ತ ಬಿಲ್ಲೆಗಳನ್ನು ಎಣಿಸಿದಳು. ಆಮೇಲೆ ಬೆರಳನ್ನು ಮೂರು ಮೂರಾಗಿ ಮಡಚಿದಳು. ಲೆಕ್ಕದಲ್ಲಿ ಅವಳು ಅಕ್ಕನ ಹಾಗೆಯೇ ಚುರುಕು.

"ವಾರಕ್ಕೆ ಮೂರೇ ಜನ. ಇವರೆಲ್ಲ ಆಗೋಷ್ಟರಲ್ಲಿ ದೊಡ್ಡ ರಜೆ ಬಂದ್ಬಿಡುತ್ತೆ ಮಾಮ" ಎಂದು, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಒಂದು ಸಲ ಮೊಣಕೈ ತಟ್ಟಿ, ಬಿಲ್ಲೆಯನ್ನು ನಗುಮುಖದ ಕೆಳಗೆ ಸಿಕ್ಕಿಸಿ ಒಳಗೆ ಹೋದಳು.

ಕಿಟಕಿಯಿಂದ ನೋಡಿದೆ. ಬೆಂಚಿನಲ್ಲಿ ಕೂತು ಪುಸ್ತಕ ತೆರೆದಳು. ಕೈ ಎಡಹುಬ್ಬಿಗೆ ಹೋಯಿತು. ಅಲ್ಲಿ ಕೀಳಲು ಏನೂ ಉಳಿದಿರಲಿಲ್ಲ. ಬೆರಳು ಸ್ವಲ್ಪ ಹೊತ್ತು ಅಲ್ಲೇ ತಡಕಾಡಿ, ಕೆಳಗೆ ರೆಪ್ಪೆಗೆ ಇಳಿಯಿತು.