ಎದೆಯ ಮೇಲೆ ಗೇರ್‌ಬಾಕ್ಸು

ಈರಪ್ಪನ ಜೀಪು ಕೆಟ್ಟು ನಿಂತದ್ದು ನಿಲ್ಲಬಾರದ ಕಡೆ. ಹುನ್ನೂರಿನ ಆಚೆ, ಅವನದೇ ಕಬ್ಬಿನ ಹೊಲದ ಅಂಚಿಗೆ, ಎರೆಮಣ್ಣಿನ ಮೇಲೆ. ನಾಲ್ಕೂ ಗಾಲಿ ಎಳೆಯುವ ಡೀಸೆಲ್ ಗಾಡಿ ತನ್ನದು ಅನ್ನುವ ಹಮ್ಮಿನಲ್ಲಿ ಬೀಜದ ಕಬ್ಬು ತುಂಬಿದ ಟ್ರಾಲಿ ಕಟ್ಟಿ ಎರಡು ದಿನ ಎಳೆಸಿದ್ದ. ಮೂರನೆಯ ದಿನ ಇಂಜಿನ್ನು ಕೂಗಿದ್ದೇ ಕೂಗಿದ್ದು, ಗಾಡಿ ಮಾತ್ರ ಗೇಣು ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಪಕ್ಕದ ಹೊಲದವರಿಗೂ ಮುಟ್ಟಿತು. ಕ್ಲಚ್ ಪ್ಲೇಟು ಸವೆದು ಮುಗಿದಿತ್ತು.

"ಟ್ರ್ಯಾಕ್ಟರ್ ಹಚ್ಚಿ ಗಟ್ಟಿ ನೆಲಕ್ಕ ಎಳಸೂಣೇನ್ರಿ ಮಿಸ್ತ್ರಿ?" ಅಂತ ಕೇಳಿದ್ದ ಈರಪ್ಪ.

"ಎದಕ್ಕ? ಮೂವತ್ತು ವರ್ಷ ಆತು ಇದ ಕೆಲಸ ಮಾಡಾಕತ್ತು. ಇಲ್ಲೇ ಬಿಚ್ಚತೀನಿ, ಇಲ್ಲೇ ಕೂಡಸ್ತೀನಿ," ಅಂದಿದ್ದ ಜಮಖಂಡಿಯ ಗಂಗಾರಾಮ ಮಿಸ್ತ್ರಿ.

ಬೆಳಗಿನಿಂದ ಕೆಲಸ ಛಲೋ ಸಾಗಿತ್ತು. ಗಾಲಿಗಳ ಕೆಳಗೆ ಹಾಸುಗಲ್ಲಿನ ತುಂಡು ಕೊಟ್ಟು, ಹಿಂದಿನ ಶಾಫ್ಟು, ಮುಂದಿನ ಶಾಫ್ಟು ಬಿಚ್ಚಿ, ಪ್ಲೇಟಿಗೆ ಅಡ್ಡ ಇದ್ದ ಗೇರ್‌ಬಾಕ್ಸನ್ನು ಇಬ್ಬರೂ ಸೇರಿ ಇಳಿಸಿದರು. ಹೊಸ ಪ್ಲೇಟು ಕೂಡಿಸಿದ್ದೂ ಆಯಿತು. ಆಗ ನೆನಪಾಯಿತು, ಗೇರ್ ಆಯಿಲ್ ತಂದಿಲ್ಲ. ಈರಪ್ಪ ಬೈಕು ಹತ್ತಿ ಜಮಖಂಡಿಗೆ ಹೊರಟ. ಹೋಗುವಾಗ, "ನಾ ಬರೂತನಕ ಬಾಕ್ಸ್ ಎತ್ತಬ್ಯಾಡ್ರಿ, ಒಬ್ಬರ ಕೈಲೆ ಆಗೂದಲ್ಲ," ಅಂದು ಹೋದ.

ಗಂಗಾರಾಮ ಒಂದು ಸಲ ತಂಬಾಕು ತಿಕ್ಕಿ ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು ಕಾದ. ಆಮೇಲೆ ಕೂಡಲಿಕ್ಕಾಗಲಿಲ್ಲ. ಕೆಲಸ ಎದುರಿಗೆ ಬಿದ್ದಿರುವಾಗ ಸುಮ್ಮನೆ ಕೂಡುವ ಜೀವ ಅಲ್ಲ ಅದು. ಹಲಗೆ ಹಾಕಿ, ಹಲಗೆಯ ಮೇಲೆ ಜಾಕ್ ಇಟ್ಟು, ಜಾಕಿನ ಮೇಲೆ ಬಾಕ್ಸು ಕೂಡಿಸಿ, ಗೋಣಿಚೀಲದ ಮೇಲೆ ಅಂಗಾತ ಮಲಗಿ ಮೆಲ್ಲಗೆ ಎತ್ತಿದ. ಬಾಕ್ಸಿನ ಶಾಫ್ಟಿನ ತುದಿ ಪ್ಲೇಟಿನ ತೂತಿಗೆ ಮುಖ ಕೊಟ್ಟಿತು. ಇನ್ನು ನಾಲ್ಕು ಬೆರಳು ಒಳಗೆ ಹೋದರೆ ಸಾಕು.

ಅಷ್ಟರಲ್ಲಿ ದೂರದ ಬಾವಿಯ ಕಡೆಯಿಂದ ಮೋಟರಿನ ಸದ್ದು ಕೇಳಿತು. ಥ್ರೀ ಫೇಸ್ ಕರೆಂಟು ಬಂದಿತ್ತು. ಅದು ಯಾವಾಗ ಬಂದು ಯಾವಾಗ ಹೋಗುತ್ತದೋ ಹೇಳಲಿಕ್ಕೆ ಬರುವುದಿಲ್ಲ ಅಂತ ಈ ಕಡೆಯ ರೈತರೆಲ್ಲ ಮೋಟರಿಗೆ ಆಟೋ ಹಚ್ಚಿಟ್ಟಿರುತ್ತಾರೆ. ಕರೆಂಟು ಬಂತೆಂದರೆ ಮೋಟರು ತಾನೇ ಚಾಲೂ ಆಗಿ ನೀರು ದೂಡುತ್ತದೆ. ಈರಪ್ಪನಿಗೆ ಅದನ್ನು ಬಂದ್ ಮಾಡುವುದು ನೆನಪಾಗಿರಲಿಲ್ಲ. ಗಂಗಾರಾಮನಿಗೂ ಕೇಳುವುದು ಹೊಳೆದಿರಲಿಲ್ಲ.

ಬೆನ್ನು ತಣ್ಣಗಾದಾಗ ಬೆವರು ಅಂದುಕೊಂಡ. ತಲೆ ಹೊರಳಿಸಿ ನೋಡಿದರೆ ಬಾವಿಯ ನೀರು ತರುವ ಪಕ್ಕದ ಕಾಲುವೆ ತುಂಬಿ, ಅಂಚು ದಾಟಿ, ನೀರು ಜೀಪಿನ ಕೆಳಗೆ ಹರಿದು ಬರುತ್ತಿತ್ತು. ಹಲಗೆಯ ಒಂದು ಕಡೆ ಆಗಲೇ ಮಣ್ಣಿನೊಳಗೆ ಇಳಿದಿತ್ತು. ಕೈ ಜಾಕಿನ ಕಡೆ ಹೋಗುವುದರೊಳಗೆ ಜಾಕು ವಾಲಿತು, ಬಾಕ್ಸು ಜಾರಿ ಬಂದು ಎದೆಯ ಮೇಲೆ ಕೂತಿತು.

ಕೂಗಬೇಕು ಅಂದರೆ ಉಸಿರಿಲ್ಲ. ಎರಡು ಸಿಮೆಂಟ್ ಚೀಲದ ಭಾರ. ಅರ್ಧ ಭಾರ ವಾಲಿದ ಜಾಕಿನ ಮೇಲಿತ್ತು, ಅದಕ್ಕೇ ಜೀವ ಇತ್ತು. ಆ ಜಾಕೂ ಇಳಿಯುತ್ತಿತ್ತು. ಎಡಗೈ ಬಾಕ್ಸಿನ ಕೆಳಗೆ ಸಿಕ್ಕಿತ್ತು. ಬಲಗೈಯಿಂದ ತಳ್ಳಿದ, ಗುಡ್ಡ ತಳ್ಳಿದಂತಾಯಿತು. ಅಂಗಿಯ ಕಿಸೆಯಲ್ಲಿದ್ದ ಫೋನು ಬಾಕ್ಸಿನ ಅಡಿಯಲ್ಲೇ ಗುರ್ ಗುರ್ ಅಂತ ಪಕ್ಕೆಲುಬಿನ ಮೇಲೆ ನಡುಗತೊಡಗಿತು. ಯಾರೋ ಕರೆಯುತ್ತಿದ್ದರು. ನಡುಗಿ ನಡುಗಿ ನಿಂತಿತು.

ಬಲಗೈಗೆ ಬೋಲ್ಟು ಬಿಚ್ಚುವ ಪಾನಾ ಸಿಕ್ಕಿತು. ಜೀಪಿನ ಚಾಸಿಗೆ ಬಡಿದ. ಟಣ್. ಉಸಿರು ತಗೊಂಡ. ಮತ್ತೆ ಟಣ್.

ಕಬ್ಬಿನ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದವಳು ಈರಪ್ಪನ ಚಿಗವ್ವ ಇಂದ್ರವ್ವ. ಅರವತ್ತೈದು ದಾಟಿದ, ಕಡ್ಡಿಯಂಥ ಹೆಂಗಸು. ಬಾಯಿ ಮಾತ್ರ ಆಳೆತ್ತರ.

"ಏನ್ ಬಡಿಯಾಕತ್ತೀಯೋ ಮಿಸ್ತ್ರಿ, ಹಕ್ಕಿ ಹಾರಸಾಕ ಹತ್ತೀಯೇನ?" ಅನ್ನುತ್ತಲೇ ಬಂದಳು. ಬಗ್ಗಿ ನೋಡಿದಳು. "ಯವ್ವಾ! ಶಿವನ!"

"ಅವ್ವಾರ... ಉಸಿರ..."

"ಮಾತಾಡಬ್ಯಾಡ. ಬಾಯಿ ಮುಚ್ಚು, ಉಸಿರಷ್ಟ ಆಡು."

ಮೊದಲು ಕಾಲು ಹಿಡಿದು ಜಗ್ಗಿದಳು. ಅವನು ಹಲ್ಲು ಕಚ್ಚಿ ನರಳಿದ. ಮೈ ಒಂದು ಬೆರಳೂ ಸರಿಯಲಿಲ್ಲ. ಹಾರೆ ತಂದು ಬಾಕ್ಸಿನ ಕೆಳಗೆ ಕೊಟ್ಟು ಮೀಟಿದಳು. ಬಾಕ್ಸು ಏಳಲಿಲ್ಲ, ಹಾರೆಯೇ ರಾಡಿಯೊಳಗೆ ಇಳಿಯಿತು.

"ಸುತ್ತ ಒಂದ್ ಪಿಳ್ಳಿ ಇಲ್ಲ ನೋಡು, ಎಲ್ಲಾರೂ ಮದಿವಿಗಂತ ರಬಕವಿಗೆ ಹೋಗಿ ಸತ್ತಾರ," ಅಂದಳು. "ಬಾವಿತನಕ ಓಡಿ ಮೋಟರ್ ಬಂದ್ ಮಾಡಿ ಬರ್ತೀನಿ, ತಡಿ."

"ಬಿಟ್ಟ... ಹೋಗಬ್ಯಾಡ್ರಿ." ಗಂಗಾರಾಮನ ಕಣ್ಣಲ್ಲಿ ನೀರು ಬಂತು. ಬಾವಿ ಎರಡು ಹೊಲದ ಆಚೆ ಇತ್ತು. ಅವಳು ಹೋಗಿ ಬರುವುದರೊಳಗೆ ಜಾಕು ಪೂರ್ತಿ ಇಳಿಯುತ್ತದೆ. ಅದು ಅವನಿಗೆ ಗೊತ್ತಿತ್ತು, ಅಷ್ಟೆಲ್ಲ ಹೇಳುವ ಉಸಿರು ಇರಲಿಲ್ಲ.

ಇಂದ್ರವ್ವ ಅವನ ಮುಖ ನೋಡಿದಳು. ಸೀರೆ ಕಚ್ಚೆ ಬಿಗಿದು, ಸಲಿಕೆ ಹಿಡಿದು, ಹತ್ತು ಮಾರು ಮೇಲಕ್ಕೆ ಹೋಗಿ ಕಾಲುವೆಯ ಅಂಚು ಒಡೆದಳು. ನೀರು ಕಬ್ಬಿನ ಸಾಲಿಗೆ ನುಗ್ಗಿತು. ಜೀಪಿನ ಕೆಳಗಿನ ಹರಿವು ನಿಂತಿತು. ಆದರೆ ನೆನೆದ ಮಣ್ಣು ನೆನೆದೇ ಇತ್ತು.

ಹೊರಳಿ ಬಂದು ಕುಕ್ಕರಗಾಲಲ್ಲಿ ಕೂತಳು. ಒಮ್ಮೆ ಬಾಕ್ಸು ನೋಡಿದಳು, ಒಮ್ಮೆ ಮಣ್ಣು ನೋಡಿದಳು.

"ತಮ್ಮಾ, ಇದನ್ನ ಎತ್ತೂದು ನನ್ನ ಕೈಲೆ ಆಗೂದಲ್ಲ. ನಿನ್ನ ಇಳಸ್ತೀನಿ."

ಅವನಿಗೆ ಅರ್ಥ ಆಗಲಿಲ್ಲ. ಅವಳು ಉಳಿದ ಹಾಸುಗಲ್ಲಿನ ತುಂಡುಗಳನ್ನು ಒಂದೊಂದಾಗಿ ತಂದಳು. ಅವನ ಎಡಕ್ಕೊಂದು ಬಲಕ್ಕೊಂದು ಅಗಲ ಕಲ್ಲು ಹಾಸಿ, ಒಂದರ ಮೇಲೊಂದು ಪೇರಿಸಿ, ಬಾಕ್ಸಿನ ಅಂಚಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಎತ್ತರಕ್ಕೆ ಒತ್ತಿ ಕೂಡಿಸಿದಳು. ಆಮೇಲೆ ಕಳೆ ತೆಗೆಯುವ ಕುರ್ಪಿ ತಗೊಂಡು ಹೊಟ್ಟೆಯ ಮೇಲೆ ಮಲಗಿ ಜೀಪಿನ ಕೆಳಗೆ ತೂರಿ, ಅವನ ಬೆನ್ನಿನ ಅಡಿಯ ಮಣ್ಣು ಕೆತ್ತತೊಡಗಿದಳು.

ಅವಳ ಮುಖ ಅವನ ಕಿವಿಯ ಹತ್ತಿರ ಇತ್ತು. ಬಾಯಿ ಸುಮ್ಮನಿರಲಿಲ್ಲ.

"ಐವತ್ತು ವರ್ಷ ಕಸಾ ತಗದೇನಿ ಈ ಮಣ್ಣಾಗ. ಒಣಗಿದ್ರ ಕಲ್ಲ, ನೆಂದ್ರ ಬೆಣ್ಣಿ. ಈಗ ಬೆಣ್ಣಿ ಆಗೇತಿ. ಅಲುಗಬ್ಯಾಡ, ಕುರ್ಪಿ ಹತ್ತೀತು. ಎಷ್ಟ್ ಮಕ್ಕಳೋ ನಿನಗ?"

ಅವನು ಎರಡು ಬೆರಳು ತೋರಿಸಿದ.

"ಎಣಿಸು ಅವರ ಹೆಸರು, ಮನಸಿನ್ಯಾಗ. ಕಣ್ ಮುಚ್ಚಬ್ಯಾಡ ಮತ್ತ!"

ಜಾಕು ಇನ್ನಷ್ಟು ವಾಲಿತು. ಬಾಕ್ಸು ಎದೆಯನ್ನು ಇನ್ನೊಂದು ಸಲ ಒತ್ತಿತು. ಕಣ್ಣ ಮುಂದೆ ಕರಿ ಚುಕ್ಕೆ ಕುಣಿದವು. ಉಸಿರು ಗಂಟಲಲ್ಲೇ ಸಿಕ್ಕಿತು. ಮುಂದಿನದು ಬರಲಿಲ್ಲ. ಕುರ್ಪಿ ಮಾತ್ರ ಚರ್ ಚರ್ ಅನ್ನುತ್ತಲೇ ಇತ್ತು, ಭುಜದ ಕೆಳಗೆ, ಬೆನ್ನಿನ ಕೆಳಗೆ, ಸೊಂಟದ ಕೆಳಗೆ. ಆಮೇಲೆ ಕಲ್ಲಿಗೆ ಕಬ್ಬಿಣ ತಾಗಿದ ಸದ್ದು. ಬಾಕ್ಸು ಕಲ್ಲಿನ ಮೇಲೆ ಕೂತಿತ್ತು. ಮೈ ಕೆಸರಿನೊಳಗೆ ಒಂದು ಬೆರಳು ಇಳಿಯಿತು. ಎರಡು ಬೆರಳು. ಎದೆಗೂ ಕಬ್ಬಿಣಕ್ಕೂ ನಡುವೆ ಒಂದು ಹಾಳೆಯಷ್ಟು ಸಂದು ಆಯಿತು.

ಆ ಸಂದಿನಲ್ಲಿ ಉಸಿರು ಹೊಕ್ಕಿತು.

"ಬಂತೇನೋ?"

"ಬಂತ್ರಿ."

"ಅವಸರ ಮಾಡಬ್ಯಾಡ." ಇನ್ನೂ ಒಂದು ಗೇಣು ಕೆತ್ತಿದಳು. ಆಮೇಲೆ ಎರಡೂ ಪಾದ ಹಿಡಿದು ಜಗ್ಗಿದಳು. ಈ ಸಲ ಅವನು ಕೆಸರಿನ ಮೇಲೆ ಜಾರುತ್ತ ಬಿಸಿಲಿಗೆ ಬಂದ.

ಬೇವಿನ ಗಿಡದ ಕೆಳಗೆ ಅವನನ್ನು ಕೂಡಿಸಿ, ತನ್ನ ಸೆರಗಿನಿಂದಲೇ ಮುಖದ ಮಣ್ಣು ಒರೆಸಿದಳು. ಎಡಗೈ ಬಾತಿತ್ತು, ಬೆರಳು ಅಲುಗುತ್ತಿದ್ದವು. ಪಕ್ಕೆ ಮುಟ್ಟಲಿಕ್ಕೆ ಆಗುತ್ತಿರಲಿಲ್ಲ.

ಬೈಕಿನ ಸದ್ದಾಯಿತು. ಈರಪ್ಪ ಆಯಿಲ್ ಡಬ್ಬಿ ಹಿಡಿದು ದೂರದಿಂದಲೇ ಕೂಗುತ್ತ ಬಂದ. "ಎಷ್ಟ್ ಸಲ ಫೋನ್ ಹಚ್ಚೇನ್ರಿ, ಎತ್ತವಲ್ರಿ! ಮೋಟರ್ ಬಂದ್ ಮಾಡಂತ ಹೇಳಾಕ. ಏನ್ರಿ ಇದು, ಹೊಲ್ದಾಗೆಲ್ಲಾ ನೀರು? ಬಾಕ್ಸ್ ಕೂತಿತೇನ್ರಿ? ಮಿಸ್ತ್ರಿ? ಯಾಕ ಹಿಂಗ ಕುಂತೀರಿ, ಏನ್ ಮಾಡಾಕತ್ತೀರಿ?"

ಗಂಗಾರಾಮ ಗಾಳಿ ಒಳಗೆ ಎಳೆದ. ನೋವಾಯಿತು. ಬಿಟ್ಟ. ಮತ್ತೆ ಎಳೆದ.

ಇಂದ್ರವ್ವ ಕೈ ಎತ್ತಿ ಈರಪ್ಪನನ್ನು ಅಲ್ಲೇ ನಿಲ್ಲಿಸಿದಳು.

"ಸುಮ್ಮ ನಿಲ್ಲೋ. ಉಸಿರಾಡಾಕತ್ತಾನ."