ರೋಲರಿನ ಕೀರಲು ದನಿ

ಯಲಹಂಕದಾಚೆಯ ಹೊಸ ಲೇಔಟಿನ ಏರಿನಲ್ಲಿ ಕಂಟ್ರಾಕ್ಟರ್ ಅಶ್ವತ್ಥನ ರಸ್ತೆ ರೋಲರ್ ಕೆಟ್ಟು ನಿಂತಿತ್ತು. ಬೆಳಿಗ್ಗೆ ಚೆನ್ನಾಗಿಯೇ ಹೊರಡುತ್ತಿತ್ತು. ಸ್ವಲ್ಪ ಓಡಿದ ಮೇಲೆ ಏರು ಹತ್ತಲಾರದೆ ಸೋಲುತ್ತಿತ್ತು. ಅದು ಹೈಡ್ರೋಸ್ಟಾಟಿಕ್ ಗಾಡಿ. ಗೇರುಗಳಿಲ್ಲ, ಪಂಪು ಒತ್ತಿ ಕಳಿಸುವ ಎಣ್ಣೆಯೇ ಚಕ್ರ ತಿರುಗಿಸಬೇಕು.

ಗದಗದ ಕಡೆಯ ಪಂಚಪ್ಪ ಇಂಥ ಗಾಡಿಗಳನ್ನು ರಿಪೇರಿ ಮಾಡುತ್ತ ಬ್ಯಾಟರಾಯನಪುರದ ಒಂದು ಕೋಣೆಯಲ್ಲಿ ಒಬ್ಬನೇ ಇದ್ದು ಮುದುಕನಾದವನು. ಜನ ಅವನನ್ನು ಕರೆಯುತ್ತಿದ್ದುದು ಸದ್ದು ಕೇಳಿಯೇ ಕೆಟ್ಟದ್ದೇನೆಂದು ಹೇಳುವ ಅವನ ಕಿವಿಗಾಗಿ. ಮೊನ್ನೆಯೂ ಪಂಪಿನ ಪಕ್ಕ ತಲೆ ಬಾಗಿಸಿ ಕೇಳಿ, "ಸಪ್ಪಳ ಇಲ್ಲ. ಒಳಗ ಸವದೈತಿ, ಹೊಸಾದು ತರಸ್ರಿ" ಅಂದಿದ್ದ. ಕಿವಿ ಹೇಳಿದ ಮೇಲೆ ಎಣ್ಣೆ ನೋಡುವ ಗೋಜಿಗೆ ಹೋಗಿರಲಿಲ್ಲ.

ಇವತ್ತು ಹಳೆಯ ಪಂಪು ಬಿಚ್ಚಲು ಬಂದಿದ್ದ. ಡ್ರೈವರ್ ಮಹೇಂದ್ರ ಇಂಜಿನ್ ಚಾಲೂ ಮಾಡಿ ಮುಖ ಕಿವುಚಿದ.

"ಪಂಚಪ್ಪಣ್ಣ, ಹೊಸದು ಹಾಕಿದ್ರೆ ಈ ಕುಯ್ಯೋ ಅನ್ನೋದು ನಿಲ್ಲುತ್ತಾ? ಹಂದಿ ಹಿಡಿದಂಗೆ ಕಿರುಚ್ತೈತೆ."

"ಯಾವಾಗಿಂದ?"

"ಮೊದಲಿಂದ್ಲೂ. ಅವತ್ತು ನೀವೇ ಕಿವಿ ಇಟ್ಟು ಕೇಳಿದ್ರಲ್ಲ."

ಸವೆದ ಪಂಪು ಸದ್ದಿಲ್ಲದೆ ಸೋಲುತ್ತದೆ. ಕಿರುಚುವುದು ಗಾಳಿ ಎಳೆದುಕೊಳ್ಳುವ ಪಂಪು. ಪಂಚಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಆನಿಸಿ ಹಿಡಿಯನ್ನು ಹಲ್ಲಲ್ಲಿ ಕಚ್ಚಿದ. ದವಡೆಯೊಳಗೆ ಸಣ್ಣ ನಡುಕ, ಬಿಡದೆ. ಕಿವಿಗೆ ಇಂಜಿನ್ನಿನ ಗುಡುಗು ಬಂತು, ದೂರದ ಲಾರಿ ಬಂತು. ಆ ಕೀರಲು ದನಿ ಇರಬೇಕಾದ ಜಾಗ ಮಾತ್ರ ಖಾಲಿ.

ಟ್ಯಾಂಕಿನ ಮುಚ್ಚಳ ತೆಗೆದ. ಎಣ್ಣೆಯೆಲ್ಲ ನೊರೆ. ಪಂಪಿಗೆ ಎಣ್ಣೆ ಹೋಗುವ ಹೋಸಿನಲ್ಲಿ, ಕ್ಲಾಂಪಿನ ಅಡಿಯಲ್ಲಿ, ಉಗುರು ತಾಗುವಷ್ಟು ಬಿರುಕಿತ್ತು; ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತಿತ್ತು. ಹೋಸ್ ಬದಲಿಸಿ ಹೊಸ ಎಣ್ಣೆ ತುಂಬಿದ. ಎಷ್ಟು ಓಡಿಸಿದರೂ ರೋಲರ್ ಏರಿನಲ್ಲಿ ಸೋಲಲಿಲ್ಲ.

ಅಷ್ಟರಲ್ಲಿ ಅಶ್ವತ್ಥ ಹೊಸ ಪಂಪನ್ನು ಜೀಪಿನಲ್ಲಿಟ್ಟುಕೊಂಡು ಬಂದ. ಏನಾದರೂ ಒಂದು ಹೇಳಿ ಮುಚ್ಚಿಹಾಕಬಹುದಿತ್ತು. ಕಿವಿ ಹೋಯಿತೆಂದು ಗೊತ್ತಾದರೆ ಇನ್ನು ಯಾರು ಕರೆಯುತ್ತಾರೆ?

"ಅದನ್ನ ವಾಪಸ್ ಕೊಡ್ರಿ," ಅಂದ ಪಂಚಪ್ಪ. "ಹಳೇದ ಚಲೋ ಐತಿ. ಅವತ್ತು ಅದು ಕೂಗೂದು ನನಗ ಕೇಳಸಲಿಲ್ಲ. ಕಿವಿ ಹೋಗ್ಯಾವ್ರಿ."

ಅಶ್ವತ್ಥ ಪಂಪನ್ನು ಜೀಪಿನಲ್ಲೇ ಬಿಟ್ಟು ಬಾಗಿಲು ಹಾಕಿದ. "ಹೋಗ್ಲಿ ಬಿಡಿ, ನಮ್ಮನೇಲಿ ನನಗೂ ಎಷ್ಟೋ ಕೇಳ್ಸಲ್ಲ," ಅಂದ. ಮಹೇಂದ್ರ ನಕ್ಕ. ಪಂಚಪ್ಪನೂ ನಕ್ಕ.

ಆಮೇಲೆ ಅಶ್ವತ್ಥ ಹೆಬ್ಬೆರಳನ್ನು ಬಾಯಿಯ ಬಳಿ ಎತ್ತಿ, ಟೀ ಕುಡೀತೀರಾ ಎಂದು ಸನ್ನೆ ಮಾಡಿದ. ಮಾತು ಕೇಳುತ್ತೆ ಎಂದು ಪಂಚಪ್ಪ ಹೇಳಬೇಕೆನ್ನುವಷ್ಟರಲ್ಲಿ ಮಹೇಂದ್ರ ಮರಳಿನ ದಿಬ್ಬ ತೋರಿಸಿ, ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದ. ಪಂಚಪ್ಪ ಕೂತ. ಟೀ ಬಂತು.

"ಪಾಪ ಕಣೋ," ಅಂದ ಅಶ್ವತ್ಥ, ದನಿ ತಗ್ಗಿಸದೆ. "ಯಶವಂತಪುರದಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಇದಾನಂತಲ್ಲ, ಅವನ ನಂಬರ್ ಇಸ್ಕೋ."

"ಇಸ್ಕೋತೀನಿ ಬಿಡಣ್ಣ."

ಪಂಚಪ್ಪ ಕೇಳಿಸದವನ ಹಾಗೆ ರಸ್ತೆ ನೋಡುತ್ತ ಟೀ ಕುಡಿದ.