ಅವ್ವನ ಬಲಗೈ

ವಿಷಯ ಈಶ್ವರನಿಗೆ ತಿಳಿದದ್ದು ತಂಗಿಯ ಬಾಯಿಂದ. ಜತ್ತ ಬಸ್ ಸ್ಟ್ಯಾಂಡಿನ ಹೊರಗೆ ಜೀಪು ನಿಲ್ಲಿಸಿಕೊಂಡು, ತನ್ನೂರು ಉಟಗಿಗೆ ಹೋಗುವ ಮಂದಿ ತುಂಬಲಿ ಎಂದು ಕಾಯುತ್ತಿದ್ದಾಗ ಗಂಡನ ಮನೆ ಅಸಂಗಿಯಿಂದ ನಂದಾ ಫೋನು ಮಾಡಿದಳು.

“ಅಣ್ಣಾ, ಅವ್ವನ ಎದಿಯಾಗ ಗಂಟಾಗೇತಿ. ದೀಪಾವಳಿಗೆ ನಾ ಬಂದಾಗ ನನಗ ತೋರಿಸಿದ್ಲು. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದ್ಲು.”

“ದೀಪಾವಳಿ ಆಗಿ ಎಷ್ಟ ತಿಂಗಳಾತು? ಇಷ್ಟ ದಿನಾ ಸುಮ್ಮ ಕುಂತ್ರೇನು?”

“ಗಂಡಮಗಗ ಇದನ್ನ ಹ್ಯಾಂಗ ಹೇಳ್ಬೇಕು ಅಂತಾಳ. ನಿನ್ನೆ ಫೋನಿನ್ಯಾಗ ನೋವು ಸುರುವಾಗೇತಿ ಅಂದ್ಲು. ತಡೀಲಾರದ ಹೇಳಾಕತ್ತೀನಿ.”

ಜೀಪು ತುಂಬಿತ್ತು. ಹಿಂದಿನಿಂದ ಯಾರೋ ಗಾಡಿ ಬಿಡು ಎಂದು ಕೂಗಿದರು. ಅವನು ಫೋನು ಜೇಬಿಗೆ ಹಾಕಿ ಗಾಡಿ ಬಿಟ್ಟ.

ಅವನ ಅವ್ವ ಮಲಕವ್ವ ರೊಟ್ಟಿ ಬಡಿದು ಮಾರುವವಳು. ಗಂಡ ತೀರಿಕೊಂಡಾಗ ನಂದಾ ಇನ್ನೂ ತೊಟ್ಟಿಲಲ್ಲಿದ್ದಳು. ಅಂದಿನಿಂದ ಇಬ್ಬರು ಮಕ್ಕಳನ್ನು ಬೆಳೆಸಿದ್ದು, ನಂದಾಳ ಮದುವೆ ಮಾಡಿದ್ದು, ಎಲ್ಲ ಆ ಕೈಯಿಂದಲೇ. ಜತ್ತದಲ್ಲಿ ನಾಗನಾಥನ ಖಾನಾವಳಿಗೆ ದಿನವೂ ಅವಳ ಜೋಳದ ರೊಟ್ಟಿ ಹೋಗುತ್ತಿತ್ತು. ಬಟ್ಟೆ ಮುಚ್ಚಿದ ಬುಟ್ಟಿಯನ್ನು ಈಶ್ವರನೇ ಮೊದಲ ಸರತಿಯ ಜೀಪಿನಲ್ಲಿ ಒಯ್ದು ಕೊಡುತ್ತಿದ್ದ. ಜೀಪು ಅವನದಲ್ಲ, ಊರಿನ ಅಪ್ಪಾಸಾಹೇಬರದು. ಅವನು ಅದರ ಡ್ರೈವರ.

ಸಂಜೆ ಮನೆಗೆ ಹೋದಾಗ ಮಲಕವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

“ಅವ್ವ, ನಾಳಿ ಮಿರಜಕ್ಕ ಹೋಗೂಣು.”

ಅವಳ ಕೈ ನಿಂತಿತು. “ನಂದಾ ಹೇಳಿದ್ಲೇನು?” ಎಂದಳು. ಮತ್ತೆ ಬಡಿಯತೊಡಗಿದಳು. “ನಾಡದು ಬಿಳೂರಾಗ ಒಂದ ಲಗ್ನ ಐತಿ. ರೊಟ್ಟಿ ಕೊಡ್ತೀನಂತ ಮಾತು ಕೊಟ್ಟೀನಿ. ಅದೊಂದು ಮುಗೀಲಿ.”

ಅದು ಮುಗಿದ ಮರುದಿನವೇ ಹೊರಟರು.

ಮಿರಜದ ದವಾಖಾನೆಯಲ್ಲಿ ಪರೀಕ್ಷೆಗಳಾದವು. ಡಾಕ್ಟರಬಾಯಿ ಮರಾಠಿಯಲ್ಲಿ ನಿಧಾನವಾಗಿ, ಏನೂ ಮುಚ್ಚಿಡದೆ ಹೇಳಿದಳು. ಬಲಗಡೆಯ ಮೊಲೆ ಪೂರ್ತಿ ತೆಗೆಯಬೇಕು, ಬಗಲಿನ ಗಂಟುಗಳನ್ನೂ ತೆಗೆಯಬೇಕು. ಸರಕಾರದ ಯೋಜನೆಯಲ್ಲಿ ಆಪರೇಶನ್ ಆಗುತ್ತದೆ. ಮಲಕವ್ವ ಮರಾಠಿ ಚೆನ್ನಾಗಿ ಬಲ್ಲವಳು. ಆದರೂ ಡಾಕ್ಟರಬಾಯಿ ಮುಗಿಸಿದ ಮೇಲೆ ಮಗನ ಕಡೆ ತಿರುಗಿ, “ಏನಂತಾಳಪ್ಪಾ?” ಎಂದು ಕೇಳಿದಳು. ಅವನು ಎಲ್ಲವನ್ನೂ ಕನ್ನಡದಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಮೊಲೆ ಎಂಬ ಮಾತನ್ನು ಮಾತ್ರ ಅವನು ಆಡಲಿಲ್ಲ. ‘ಆ ಭಾಗ’ ಎಂದ.

ಆಪರೇಶನ್ನಿಗೆ ನಂದಾ ಬಂದಳು. ಒಳಗೆ ಹೆಂಗಸರ ವಾರ್ಡಿನಲ್ಲಿ ಅವಳು, ಹೊರಗೆ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಅವನು. ಔಷಧಿ ತರುವುದು, ರಕ್ತದ ಬಾಟಲಿಗೆ ಓಡುವುದು, ಚಹಾ ತರುವುದು ಅವನ ಪಾಲಿಗೆ. ಅವ್ವ ಮೊದಲ ಸಲ ಎದ್ದು ಕೂತ ದಿನವೇ ನಂದಾಳ ಅತ್ತೆ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ಬಂತು. ಅವಳು ಕಣ್ಣೀರು ಒರೆಸಿಕೊಳ್ಳುತ್ತ ಬಸ್ಸು ಹತ್ತಿದಳು. ಅಲ್ಲಿಂದ ಮುಂದೆ ಎಲ್ಲವೂ ಈಶ್ವರನ ಮೇಲೆ ಬಂತು.

ಮನೆಗೆ ಕಳಿಸುವಾಗ ಗಾಯದ ನೀರು ಇಳಿಯಲು ಬಗಲಲ್ಲಿ ಒಂದು ನಳಿಗೆ ಬಿಟ್ಟು, ಅದರ ತುದಿಗೆ ಪ್ಲಾಸ್ಟಿಕ್ ಡಬ್ಬಿ ಕಟ್ಟಿದ್ದರು. ಡಬ್ಬಿ ತುಂಬಿದಾಗ ಬರಿದು ಮಾಡಿ, ಒತ್ತಿ ಗಾಳಿ ತೆಗೆದು, ಮತ್ತೆ ಮುಚ್ಚಬೇಕು. ಸಿಸ್ಟರ್ ಅದನ್ನು ಈಶ್ವರನಿಗೆ ತೋರಿಸಲು ಹೊರಟಾಗ ಮಲಕವ್ವ ಸೆರಗು ಬಿಗಿಯಾಗಿ ಹೊದ್ದುಕೊಂಡಳು.

“ನೀ ಹೊರಗ ಹೋಗು.”

“ಅವ್ವ, ಮನ್ಯಾಗ ಯಾರ ಮಾಡವ್ರು?”

“ನಸ್ರೀನ ಮಾಡ್ತಾಳ. ನೀ ಹೋಗು.”

ನಸ್ರೀನ ಪಕ್ಕದ ಮನೆಯವಳು, ಬಟ್ಟೆ ಹೊಲಿಯುತ್ತಾಳೆ. ನಿಜಕ್ಕೂ ಅವಳೇ ಮಾಡಿದಳು. ಡಬ್ಬಿಯನ್ನು ಕೈಯಲ್ಲಿ ಹಿಡಿದು ಓಡಾಡುವುದು ತ್ರಾಸು ಎಂದು ಕೊರಳಿಗೆ ಹಾಕಿಕೊಳ್ಳಲು ಒಂದು ಚೀಲ ಹೊಲಿದು ಕೊಟ್ಟಳು. ಹಳೆಯ ಜಂಪರುಗಳ ಬಲತೋಳು ಬಿಚ್ಚಿ ಗುಂಡಿ ಇಟ್ಟಳು. ದಿನವೂ ಬೆಳಿಗ್ಗೆ ಬಂದು ಬಾಗಿಲು ಮುಂದೆ ಮಾಡಿ, “ಈಶ್ವರಣ್ಣ, ಒಂದ್ಚೂರು ಹೊರಗ ಇರ್ರಿ” ಎನ್ನುವಳು. ಅವನು ಕಟ್ಟೆಯ ಮೇಲೆ ಕೂತು ಕಾಯುವನು.

ಒಂದು ದಿನ ನಸ್ರೀನ ತವರಿಗೆ ಹೋಗಿದ್ದಳು. ಮಧ್ಯಾಹ್ನ ಮಲಕವ್ವ ಅವನನ್ನು ಕರೆದಳು. ಸೀರೆ ಒದ್ದೆಯಾಗಿತ್ತು. ನಳಿಗೆ ಡಬ್ಬಿಯಿಂದ ಕಳಚಿಕೊಂಡಿತ್ತು. ಓಣಿಯಲ್ಲಿ ಇನ್ನಾರನ್ನಾದರೂ ಕರೆಯಲೇ ಎಂದು ಅವನು ಕೇಳಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, ಎಡಗೈಯಿಂದ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಳು.

ಅವನು ಕೈ ತೊಳೆದುಕೊಂಡು ಬಂದ. ಗುಂಡಿ ಬಿಚ್ಚಿದ. ಎದೆಯ ಆ ಪಕ್ಕ ಚಪ್ಪಟೆಯಾಗಿ, ಉದ್ದಕ್ಕೂ ಹೊಲಿಗೆ ಹಾಕಿಸಿಕೊಂಡು, ಒಂದು ತುದಿಯಲ್ಲಿ ಕೆಂಪೇರಿತ್ತು. ನೋಡಬಾರದು ಎಂದುಕೊಂಡಿದ್ದ. ಆದರೆ ನೋಡದೆ ಆ ಕೆಲಸ ಮಾಡಲು ಬರುವುದಿಲ್ಲ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದ, ನಳಿಗೆ ಸಿಕ್ಕಿಸಿದ, ಡಬ್ಬಿ ಒತ್ತಿ ಮುಚ್ಚಿದ.

“ಆತು, ಅವ್ವ.”

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ಅವನ ಕಡೆ ನೋಡಲಿಲ್ಲ. ಮರುದಿನ ಮಾತ್ರ, ನಸ್ರೀನ ಬಂದಾಗ, ಒಳಗಿನಿಂದ ಅವಳ ದನಿ ಕೇಳಿಸಿತು. “ಇರಲಿ ಬಿಡವ್ವಾ, ನಿನಗೂ ಮನಿಗೆಲಸ ಇರ್ತಾವ. ಈಶ್ವರ ಮಾಡ್ತಾನ.”

ಆ ಕೆಂಪು ಹರಡಿತು. ಜ್ವರ ಬಂತು. ಗಾಯದೊಳಗೆ ಕೀವಾಗಿದೆ, ಮತ್ತೆ ತೆರೆದು ತೊಳೆಯಬೇಕು ಎಂದರು. ಎರಡನೆಯ ಆಪರೇಶನ್. ಮತ್ತೆ ಅದೇ ಪಡಸಾಲೆ, ಅದೇ ಚಾಪೆ. ಬೆಳಿಗ್ಗೆ ಕಸ ಹೊಡೆಯುವವಳು ಎಬ್ಬಿಸಿದಾಗ ತಾನು ಯಾವ ಊರಿನಲ್ಲಿದ್ದೇನೆ ಎಂದು ಅವನಿಗೆ ಸ್ವಲ್ಪ ಹೊತ್ತು ಹೊಳೆಯುತ್ತಿರಲಿಲ್ಲ.

ಅಪ್ಪಾಸಾಹೇಬರ ಫೋನು ಅಲ್ಲಿಗೇ ಬಂತು. ಮೊದಲು ಅವ್ವನನ್ನು ವಿಚಾರಿಸಿದರು. ಆಮೇಲೆ ಹೇಳಿದರು.

“ನಿನ್ನ ಮ್ಯಾಲೆ ನನಗೇನೂ ಸಿಟ್ಟಿಲ್ಲೋ. ಆದ್ರ ಗಾಡಿ ನಿಂತ್ರ ಪಾಳಿ ಹೋಗ್ತೈತಿ. ಇಷ್ಟ ದಿನಾ ನಾನ ಓಡಿಸಿದ್ನಿ, ಈಗ ನನ್ನ ಸೊಂಟಾನೂ ಕೇಳವಲ್ದು. ಬ್ಯಾರೆ ಹುಡುಗನ್ನ ಹಚ್ಚೇನಿ.”

“ಆತ್ರಿ, ಮಾಲಕರ.”

“ತಪ್ಪ ತಿಳ್ಕೋಬ್ಯಾಡ.”

“ಇಲ್ರಿ. ನೀವರ ಏನ ಮಾಡ್ತೀರಿ?”

ತಪ್ಪು ತಿಳಿದುಕೊಳ್ಳುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಅವ್ವನಿಗೆ ಹೇಳಲಿಲ್ಲ. ಊರಿಗೆ ಮರಳುವಾಗ ಅದೇ ಜೀಪಿನ ಹೊಸ ಡ್ರೈವರ ಬ್ರೇಕು ಹಾಕಿ ಅವರನ್ನು ಹತ್ತಿಸಿಕೊಂಡದ್ದರಿಂದ ತಾನಾಗಿಯೇ ಅವಳಿಗೆ ತಿಳಿಯಿತು.

ಬೇಸಿಗೆಯ ಉದ್ದಕ್ಕೂ ರೇಡಿಯೇಶನ್ ನಡೆಯಿತು. ದಿನವೂ ಹೋಗಿ ಬರಲಾಗದೆ ದವಾಖಾನೆಯ ಹತ್ತಿರ ಒಂದು ಖೋಲಿ ಹಿಡಿದರು. ಒಳಗೆ ಯಂತ್ರದ ಕೆಳಗೆ ಮಲಗುವುದು ಸ್ವಲ್ಪ ಹೊತ್ತು. ಅದಕ್ಕಾಗಿ ಹೊರಗೆ ಕೂತು ಕಾಯುವುದು ಅರ್ಧ ದಿನ. ಈಶ್ವರನು ಸಿಕ್ಕಾಗ ಒಂದು ಗೋಡೌನಿನಲ್ಲಿ ಚೀಲ ಇಳಿಸುವ ಕೆಲಸಕ್ಕೆ ಹೋಗುತ್ತಿದ್ದ. ಬಂದು ಅನ್ನ ಬೇಯಿಸುತ್ತಿದ್ದ. ಮಲಕವ್ವನ ಎದೆಯ ಚರ್ಮ ಕಪ್ಪಾಯಿತು. ಬಾಯಿರುಚಿ ಹೋಯಿತು. ಅನ್ನ ಕಂಡರೆ ಮುಖ ತಿರುಗಿಸುವಳು, ರೊಟ್ಟಿ ಬೇಕು ಎನ್ನುವಳು. ಹೊರಗಿನಿಂದ ತಂದ ರೊಟ್ಟಿಯನ್ನು ಮುರಿದು ನೋಡಿ, “ಇದನ್ನ ಯಾರ ಬಡದಾರ?” ಎಂದು ಬದಿಗಿಡುವಳು.

ಊರಿಗೆ ಬರುವ ಹೊತ್ತಿಗೆ ಮಳೆ ಸುರುವಾಗಿತ್ತು. ಆಗ ಬಲಗೈ ಬಾತುಕೊಳ್ಳತೊಡಗಿತು. ತೋರಿಸಲು ಮಿರಜಕ್ಕೆ ಹೋದಾಗ, ಬಗಲಿನ ಗಂಟು ತೆಗೆದವರಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದಳು ಡಾಕ್ಟರಬಾಯಿ. ಆ ಕೈಯಿಂದ ಭಾರ ಎತ್ತಬಾರದು, ಒತ್ತಿ ಕೆಲಸ ಮಾಡಬಾರದು, ಬೆಂಕಿಯ ಹತ್ತಿರ ಒಯ್ಯಬಾರದು. ಸುಟ್ಟರೆ, ಕೊಯ್ದುಕೊಂಡರೆ ಮತ್ತೆ ಕೀವಾದೀತು.

“ರೊಟ್ಟಿ?” ಎಂದು ಮಲಕವ್ವ ಈ ಸಲ ತಾನೇ ಮರಾಠಿಯಲ್ಲಿ ಕೇಳಿದಳು.

“ಭಾಕರಿ ಬೇಡ, ಅಜ್ಜಿ. ಇನ್ನೆಂದೂ ಬೇಡ.”

ಬರುವಾಗ ಅವಳು ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಬೇರೆ ಯಾರದೋ ಕೂಸನ್ನು ಹಿಡಿದುಕೊಂಡವಳ ಹಾಗೆ.

ಅದಾಗಿ ಕೆಲವು ದಿನಕ್ಕೆ ಈಶ್ವರ ಕೆಲಸ ಕೇಳಿಕೊಂಡು ಜತ್ತಕ್ಕೆ ಹೋದವನು, ಕೆಲಸ ಸಿಗದೆ ಬೇಗ ತಿರುಗಿ ಬಂದ. ಓಣಿಯಲ್ಲಿ ಬರುತ್ತಿರುವಾಗಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಒಳಗೆ ಹೋಗಿ ನೋಡಿದರೆ ಅವ್ವ ಒಲೆ ಹಚ್ಚಿಕೊಂಡು ಕೂತಿದ್ದಳು. ಬಾತ ಕೈಯ ಬೆರಳುಗಳು ಮಡಚುತ್ತಿರಲಿಲ್ಲ. ಅಂಗೈಯನ್ನು ಹಲಗೆಯ ತುಂಡಿನಂತೆ ಎತ್ತಿ ಹಾಕುತ್ತಿದ್ದಳು. ಮಣಿಕಟ್ಟಿನ ಮೇಲೆ ಸುಟ್ಟ ಬೊಬ್ಬೆ ಎದ್ದಿತ್ತು.

ಅವನು ಹಿಟ್ಟಿನ ಪರಾತವನ್ನು ಎಳೆದುಕೊಂಡ.

“ಸಾಯಬೇಕಂತ ಮಾಡೀ ಏನು? ನಾ ಇಷ್ಟೆಲ್ಲಾ ಓಡಾಡಿದ್ದು ಇದಕ್ಕೇನು? ಸಾಯೂದಿದ್ರ ಒಮ್ಮೆ ಸಾಯಿ. ನನಗೂ ಸಾಕಾಗೇತಿ.”

ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿದ ವಾಸನೆ ಬಂತು. ಮಲಕವ್ವ ಅಳಲಿಲ್ಲ.

“ನನಗೂ ಸಾಕಾಗೇತಪ್ಪಾ,” ಎಂದಳು. “ಕುಂತು ಕುಂತು ಸಾಕಾಗೇತಿ. ನೀ ಚೀಲ ಹೊರೂದು ನೋಡಿ ಸಾಕಾಗೇತಿ. ಈ ಕೈ ನಂದಲ್ಲ ಅನಸ್ತೈತಿ. ಒಂದ ರೊಟ್ಟಿ ಬಡದ ನೋಡಿದ್ರ ನಂದ ಅನಸೀತೇನೋ ಅಂತ ಕುಂತ್ನಿ.”

ಅವನು ಹೊತ್ತಿದ ರೊಟ್ಟಿಯನ್ನು ತೆಗೆದು ಹಾಕಿದ. ಬೊಬ್ಬೆಗೆ ಔಷಧಿ ಹಚ್ಚಿದ. ಪರಾತದಲ್ಲಿ ಕಲಸಿದ ಹಿಟ್ಟು ಹಾಗೇ ಇತ್ತು. ಚೆಲ್ಲಲು ಮನಸ್ಸಾಗದೆ ಅದರ ಮುಂದೆ ಕೂತ.

“ಹ್ಯಾಂಗ ಮಾಡ್ಬೇಕು ಹೇಳು.”

“ಹಿಟ್ಟು ಆರೇತಿ. ಮತ್ತ ನೀರು ಕಾಸು,” ಎಂದಳು ಅವಳು.

ಮೊದಲಿನ ರೊಟ್ಟಿಗಳನ್ನು ಓಣಿಯವರ ಎಮ್ಮೆಗೆ ಹಾಕಿದರು. ಅಂಚು ಸೀಳುತ್ತಿತ್ತು, ಎತ್ತುವಾಗ ನಡುವೆ ಹರಿಯುತ್ತಿತ್ತು. ಮಲಕವ್ವ ದೂರದಲ್ಲಿ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಕೂತು ಹೇಳುವಳು. “ಬಿಸಿ ಇದ್ದಾಗ ನಾದು. ಕೈ ಸುಡ್ತೈತಿ ಅಂತ ಕಾದಿ ಅಂದ್ರ ಜಿಗಿ ಬರೂದಿಲ್ಲ. ಹಂಗ ಗುದ್ದಬ್ಯಾಡೋ, ಅದೇನ ನಿನ್ನ ವೈರಿಯಲ್ಲ.” ಗಂಡಸು ರೊಟ್ಟಿ ಬಡಿಯುತ್ತಾನೆ ಎಂದು ಓಣಿಯ ಹೆಂಗಸರು ನೀರಿಗೆ ಹೋಗುವಾಗ ಬಾಗಿಲಲ್ಲಿ ಇಣುಕಿ ನಕ್ಕರು. ಸ್ವಲ್ಪ ದಿನ ನಕ್ಕು ಬಿಟ್ಟರು. ಮಲಕವ್ವ ಊಟಕ್ಕೆ ಅವನು ಬಡಿದದ್ದನ್ನೇ ತಿಂದಳು. ಚಲೋ ಆಗಿದೆ ಎಂದು ಒಮ್ಮೆಯೂ ಹೇಳಲಿಲ್ಲ, ಆದರೆ ಬದಿಗಿಡಲಿಲ್ಲ.

ದಸರೆಯ ಹೊತ್ತಿಗೆ ಅವನು ಒಂದು ಬುಟ್ಟಿ ತುಂಬಿಕೊಂಡು ನಾಗನಾಥನ ಖಾನಾವಳಿಗೆ ಹೋದ. ನಾಗನಾಥ ಮೇಲಿನದನ್ನು ಎತ್ತಿ ನೋಡಿದ.

“ಮಲಕವ್ವನ ರೊಟ್ಟಿ ಅಲ್ಲ ಇವು.”

“ಅಲ್ರಿ. ನನ್ನವು.”

“ದಪ್ಪ ಅದಾವ.” ಅವನು ಒಂದನ್ನು ಮುರಿದು ಪಲ್ಯ ಹಚ್ಚಿ ತಿಂದ. “ಸಂಜಿಗೆ ಬರೂ ಮಂದಿಗೆ ನಡೀತಾವ. ಸಂಜಿಗಷ್ಟ ತಂದ ಕೊಡು. ಮಧ್ಯಾಹ್ನದ್ದು ಬ್ಯಾರೆಯವರಿಗೆ ಕೊಟ್ಟೀನಿ, ಅದನ್ನ ಬಿಡಸಾಕ ಬರೂದಿಲ್ಲ.”

ಅಷ್ಟಾಯಿತು. ಮೊದಲಿನ ಅರ್ಧವೂ ಅಲ್ಲ. ಅದಕ್ಕೆ ಜತ್ತದ ಒಂದು ಗೋಡೌನಿನಲ್ಲಿ ಸಿಕ್ಕ ಕೂಲಿ ಸೇರಿಸಿದರೆ ಮನೆ ನಡೆಯುತ್ತಿತ್ತು. ದಿನ ಸಾಗಿತು.

ಚಳಿಗಾಲದಲ್ಲಿ ಹೊಲಿಗೆಯ ಗುರುತಿನ ಮೇಲೆ ಸಣ್ಣ ಗಂಟು ಕೈಗೆ ಹತ್ತಿತು. ಈ ಸಲ ಅವಳು ಮುಚ್ಚಿಡಲಿಲ್ಲ. “ನೋಡ ಇಲ್ಲೆ,” ಎಂದು ಅವನ ಬೆರಳು ಹಿಡಿದು ಮುಟ್ಟಿಸಿದಳು. ಮತ್ತೆ ಮಿರಜ. ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಒಂದು ವಾರ ಬಿಟ್ಟು ಬನ್ನಿ ಎಂದರು.

ಆ ದಿನ ಡಾಕ್ಟರಬಾಯಿಯ ಕೋಣೆಯ ಹೊರಗೆ ಬಾಕಿನ ಮೇಲೆ ಕೂತಾಗ ಈಶ್ವರನ ಮನಸ್ಸಿನಲ್ಲಿ ಹೆದರಿಕೆ ಇರಲಿಲ್ಲ. ಏನಾದರೂ ಆಗಲಿ, ಇಂದು ಒಂದು ಕಡೆ ಆಗಿಬಿಡಲಿ ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಕೆ ಬಂತು. ಆದರೆ ಎನ್ನಿಸಿದ್ದು ಹೋಗಲಿಲ್ಲ. ಪಕ್ಕದಲ್ಲಿ ಅವ್ವ ಎಡಗೈಯಿಂದ ಬಲಗೈಯನ್ನು ಮೇಲಕ್ಕೆ ನೀವಿಕೊಳ್ಳುತ್ತಿದ್ದಳು, ಹಾಗೆ ಮಾಡಿದರೆ ಬಾವು ಇಳಿಯುತ್ತದೆ ಎಂದು ಹೇಳಿಕೊಟ್ಟಿದ್ದರು. ಸ್ವಲ್ಪ ಹೊತ್ತು ನೋಡಿ, ಅವನು ಆ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ನೀವತೊಡಗಿದ.

ಗಂಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಹಳೆಯ ಗಾಯದ ಗಡಸು ಮಾಂಸ ಅಷ್ಟೇ. ಗುಳಿಗೆ ವರ್ಷಗಟ್ಟಲೆ ನುಂಗಬೇಕು, ನಡುನಡುವೆ ತೋರಿಸುತ್ತಿರಬೇಕು, ಕೈ ಮೊದಲಿನಂತೆ ಆಗುವುದಿಲ್ಲ ಎಂದಳು ಡಾಕ್ಟರಬಾಯಿ. ಇಬ್ಬರೂ ತಲೆ ಆಡಿಸಿದರು. ಹೊರಗೆ ಬಂದು ಚಹಾ ಕುಡಿದರು. ಈಶ್ವರ ನಂದಾಳಿಗೆ ಫೋನು ಮಾಡಿದ. ಅತ್ತ ಅವಳು ಅಳುತ್ತಿದ್ದಳು. ಇವನಿಗೆ ಆಕಳಿಕೆ ಬರುತ್ತಿತ್ತು.

ಜತ್ತದಲ್ಲಿ ಇಳಿದು ಊರಿನ ಬಸ್ಸು ಹತ್ತಿದರು. ಕಿಟಕಿಯ ಕಡೆ ಅವನು ಕೂತ, ಬಾತ ಕೈಗೆ ಅವನು ತಾಗದಂತೆ ಅವ್ವ ಅವನ ಬಲಗಡೆ ಕೂತಳು. ಬಸ್ಸು ಜತ್ತ ದಾಟುವ ಮೊದಲೇ ಅವನಿಗೆ ನಿದ್ದೆ ಬಂತು.

ಎಚ್ಚರವಾದಾಗ ಹೊರಗೆ ಗುರುತಿನ ಹೊಲಗಳಿರಲಿಲ್ಲ. ಬಸ್ಸು ಬರಿದಾಗಿತ್ತು.

“ಅವ್ವ, ಊರು ಹೋತೇನು?”

“ಆಗಲೇ ಹೋತು.”

“ಯಾಕ ಎಬ್ಬಸಲಿಲ್ಲ?”

“ಮಲಗಿದ್ದಿ,” ಎಂದಳು ಅವಳು. “ಕಂಡಕ್ಟರ ಕೇಳಿದ. ಮುಂದ ಇಳೀತೀವಿ ಅಂದ್ನಿ.”

ಮುಂದಿನ ಕವಲುದಾರಿಯ ಫಾಟಾದಲ್ಲಿ ಇಳಿದರು. ಮಾಗಿಯ ಬಿಸಿಲು, ಎರಡೂ ಕಡೆ ಆಳೆತ್ತರದ ಜೋಳ. ತಿರುಗಿ ಹೋಗುವ ಗಾಡಿ ಯಾವಾಗ ಬರುತ್ತದೋ ಇಬ್ಬರಿಗೂ ಗೊತ್ತಿರಲಿಲ್ಲ. ಈಶ್ವರನಿಗೆ ಮೊದಲು ಸಿಟ್ಟು ಬಂದಿತ್ತು, ನಿಂತು ನಿಂತು ಅದೂ ಇಳಿಯಿತು. ಮಲಕವ್ವ ಬೇವಿನ ಗಿಡದ ಬುಡದಲ್ಲಿ ಸೆರಗು ಹಾಸಿ ಕೂತು, “ಇನ್ನೊಂದಿಷ್ಟು ಮಲಗ್ತಿದ್ರ ಮಲಗು. ಗಾಡಿ ಬಂದ್ರ ನಾ ಕೈ ಮಾಡ್ತೀನಿ,” ಎಂದಳು.

ಅವನು ಚೀಲವನ್ನು ತಲೆಯ ಕೆಳಗೆ ಇಟ್ಟುಕೊಂಡು ಅಲ್ಲೇ ಅಡ್ಡಾದ.